ಪೋಸ್ಟರಿನ ಒಂದು ಸಾಲು: ಓದುಮನೆಯ ಚಾವಣಿಗಾಗಿ ನಡೆದ ಕರಕುಶಲ ಮೇಳದ ಪ್ರಕರಣ

ಒಂದೇ ದಿನ, ಒಂದು ಸಭಾಂಗಣ, 26 ಮೇಜು. ಇಷ್ಟು ಚಿಕ್ಕ ಮೇಳವನ್ನು ಇಷ್ಟು ಉದ್ದ ಬರೆಯಬೇಕಾ ಎಂದು ನಮ್ಮ ಖಜಾಂಚಿಯೇ ಕೇಳಿದರು. ಮೇಳ ಚಿಕ್ಕದಾದ್ದರಿಂದಲೇ ಎಲ್ಲಿ ಎಡವಿದೆವು ಎನ್ನುವುದು ಚೊಕ್ಕವಾಗಿ ಕಾಣುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಜನರ ಮತ್ತು ಜಾಗದ ಗುರುತು ತೆಗೆದಿದ್ದೇನೆ, ಒಬ್ಬಿಬ್ಬರ ಕಸುಬನ್ನೂ ಬದಲಿಸಿದ್ದೇನೆ. ಹಣವನ್ನೂ ನೇರವಾಗಿ ಹೇಳುತ್ತಿಲ್ಲ. ಒಂದು ಮೇಜಿನ ಬಾಡಿಗೆಯನ್ನು 1 ಪಾಲು ಎಂದು ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಅದರಲ್ಲೇ ಅಳೆದಿದ್ದೇನೆ. ನಿಮ್ಮಲ್ಲಿ ಮೇಜಿಗೆ ಎಷ್ಟು ಇಡುತ್ತೀರೋ ಅದರಿಂದ ಗುಣಿಸಿಕೊಂಡರೆ ನಿಮ್ಮ ಲೆಕ್ಕ ಸಿಗುತ್ತದೆ. ಸಮಿತಿಯಲ್ಲಿ ನನ್ನ ಕೆಲಸ ಅರ್ಜಿ ಬರೆದಿಟ್ಟುಕೊಳ್ಳುವುದು. ಹಾಗಾಗಿ ಜಗಳಗಳೆಲ್ಲ ನನ್ನ ಪುಸ್ತಕದ ಅಂಚಿನಲ್ಲೇ ದಾಖಲಾಗಿವೆ.

ಹಿನ್ನೆಲೆ

ಸ್ವಯಂಸೇವಕರೇ ನಡೆಸುವ ಒಂದು ಓದುಮನೆ. ಚಾವಣಿಯ ಒಂದು ಬದಿ ಮಳೆಗೆ ಸೋರುತ್ತಿತ್ತು, ಮಕ್ಕಳ ಪುಸ್ತಕಗಳಿದ್ದದ್ದು ಅದೇ ಬದಿಯಲ್ಲಿ. ಇಡೀ ಚಾವಣಿ ಸರಿಪಡಿಸಲು 60 ಪಾಲು ಬೇಕೆಂದು ಕೆಲಸದವರು ಅಂದಾಜು ಕೊಟ್ಟರು. ದೇಣಿಗೆ ಪುಸ್ತಕ ಹಿಡಿದು ಹೊರಟರೆ ಕೊಟ್ಟವರೇ ಮತ್ತೆ ಕೊಡಬೇಕಿತ್ತು. ನಮ್ಮನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವವರೂ ಇದ್ದರು, ಅವರನ್ನು ತಪ್ಪು ಎನ್ನಲಾರೆ. ಆಗ ಒಬ್ಬರು, ‘ಸುತ್ತಮುತ್ತ ಕೈಕೆಲಸ ಮಾಡುವವರು ಇಷ್ಟು ಜನ ಇದ್ದಾರೆ, ಮೇಳ ಮಾಡೋಣ’ ಎಂದರು. ಏಳು ಜನರ ಸಮಿತಿಯಾಯಿತು, ಕೈಯಲ್ಲಿ 14 ವಾರ. ನಮ್ಮಲ್ಲಿ ಮೇಳ ನಡೆಸಿದವರು ಯಾರೂ ಇರಲಿಲ್ಲ. ಸಂಚಾಲಕಿಯೊಬ್ಬರು ಮಾತ್ರ ಬೇರೆ ಮೇಳಗಳಲ್ಲಿ ಮೇಜು ಹಾಕಿ ಕುಳಿತು ಮಾರಿದ್ದರು. ಕೊನೆಗೆ ನಮ್ಮನ್ನು ಉಳಿಸಿದ್ದು ಆ ಅನುಭವವೇ.

ಹಣ ಯಾರದು?

ಮೊದಲ ಸಭೆಯಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಇದು. ಓದುಮನೆಗೆ ದುಡ್ಡು ಎಲ್ಲಿಂದ ಬರುತ್ತದೆ? ಎಲ್ಲರಿಗೂ ಉತ್ತರ ಗೊತ್ತಿದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಎರಡನೇ ಸಭೆಯಲ್ಲಿ ಬಾಯಿಬಿಟ್ಟಾಗ ತಲೆಗೊಂದು ಉತ್ತರ ಬಂತು. ಮಾರಾಟದ ಹಣವೆಲ್ಲ ಓದುಮನೆಗೆ, ತಯಾರಕರು ಸಾಮಾನನ್ನು ದಾನ ಕೊಡುತ್ತಾರೆ ಎಂದು ಒಬ್ಬರು. ಮಾರಾಟದಲ್ಲಿ ಐದರಲ್ಲೊಂದು ಭಾಗ ನಮಗೆ ಎಂದು ಮೂವರು. ಒಳಗೆ ಬರುವವರಿಗೆ ಟಿಕೆಟ್ ಎಂದು ಇನ್ನೊಬ್ಬರು. ಸಂಚಾಲಕಿ ಮಾತ್ರ ಮೇಜಿಗೆ ಬಾಡಿಗೆ ಇಡೋಣ ಎಂದರು.

ದಾನದ ಮಾತು ಬೇಗ ಬಿದ್ದುಹೋಯಿತು. ಕೈಕೆಲಸದವರಿಗೆ ಅದೇ ಜೀವನ, ಒಂದು ದಿನದ ಸರಕನ್ನೆಲ್ಲ ಕೊಡಿ ಎನ್ನಲು ನಮಗೆ ಬಾಯಿ ಬರಲಿಲ್ಲ. ಟಿಕೆಟ್ಟೂ ಬೇಡವಾಯಿತು. ಸುಮ್ಮನೆ ಇಣುಕಿ ನೋಡೋಣ ಎಂದು ಬಂದವರೇ ಕೊನೆಗೆ ಕೊಳ್ಳುವವರು, ಅವರನ್ನು ಬಾಗಿಲಲ್ಲೇ ನಿಲ್ಲಿಸಿದರೆ ಮೇಜು ಹಿಡಿದವರಿಗೆ ಏಟು. ಉಳಿದದ್ದು ಮಾರಾಟದಲ್ಲಿ ಪಾಲೋ, ಮೇಜಿನ ಬಾಡಿಗೆಯೋ ಎಂಬ ಎರಡೇ ದಾರಿ.

ಬಹುಮತ ಪಾಲಿನ ಕಡೆಗಿತ್ತು. ಕೇಳಲು ನ್ಯಾಯವಾಗಿಯೇ ಇದೆ, ಮಾರಿದವನು ಕೊಡುತ್ತಾನೆ, ಮಾರದವನು ಕೊಡುವುದಿಲ್ಲ. ಸಂಚಾಲಕಿ ಒಬ್ಬ ಕುಂಬಾರಿಕೆಯವರನ್ನು ಸಭೆಗೆ ಕರೆತಂದರು. ಅವರು ಕೇಳಿದ್ದು ಒಂದೇ ಮಾತು: ‘ಎಷ್ಟು ಮಾರಿದೆ ಅಂತ ನಿಮಗೆ ಹೇಳೋದು ನಾನೇ ತಾನೆ? ನಂಬೋದಾದ್ರೆ ನಂಬಿ. ನಂಬದೆ ಇದ್ರೆ ನನ್ನ ಮೇಜಿನ ಹಿಂದೆ ನಿಮ್ಮವರನ್ನ ಕೂರಿಸ್ತೀರಾ?’ ಖಜಾಂಚಿ ಆಗಲೇ ಅದಕ್ಕೆ ಯೋಜನೆ ಹಾಕಿಟ್ಟಿದ್ದರು. ಎಲ್ಲರ ಮಾರಾಟಕ್ಕೂ ಬಾಗಿಲ ಬಳಿ ಒಂದೇ ಹಣದ ಕಟ್ಟೆ, ಮೇಜಿನಲ್ಲಿ ಚೀಟಿ ಬರೆಸಿಕೊಂಡು ಅಲ್ಲಿ ಹಣ ಕಟ್ಟಿ ಬಂದು ಸಾಮಾನು ಒಯ್ಯುವುದು. ‘ಅಲ್ಲಿ ಸಾಲು ನಿಂತು ವಾಪಸ್ ಬರೋ ಹೊತ್ತಿಗೆ ಅರ್ಧ ಜನ ಮನಸ್ಸು ಬದಲಾಯಿಸಿರ್ತಾರೆ ಸಾರ್’ ಎಂದರು ಕುಂಬಾರಿಕೆಯವರು. ಸಭೆ ಮುಗಿಯುವಷ್ಟರಲ್ಲಿ ಮೇಜಿನ ಬಾಡಿಗೆಗೆ ಒಪ್ಪಿಗೆ ಸಿಕ್ಕಿತ್ತು.

ಸಿಕ್ಕಿತು ನಿಜ, ಆದರೆ ಆಗ ನಾವು ಇನ್ನೊಂದು ಬದಿಯನ್ನು ನೋಡಲಿಲ್ಲ. ಬಾಡಿಗೆ ಎಂದರೆ ನಷ್ಟದ ಭಯವನ್ನು ಪೂರ್ತಿ ತಯಾರಕರ ತಲೆಗೆ ಕಟ್ಟಿದಂತೆ. ಮಳೆ ಬರಲಿ, ಜನ ಬಾರದಿರಲಿ, ನಮ್ಮ ದುಡ್ಡು ಮೊದಲೇ ನಮ್ಮ ಕೈಗೆ ಬಂದಿರುತ್ತದೆ. ಅದಕ್ಕೆ ಬದಲಾಗಿ ಅವರಿಗೆ ನಾವು ಕೊಡಬೇಕಾದದ್ದು ಜನ. ಮೇಜೂ ಅಲ್ಲ, ದೀಪವೂ ಅಲ್ಲ. ಓದುಮನೆಗೆ ಸಹಾಯ ಮಾಡಿ ಎಂದು ನಾವು ತಯಾರಕರ ಹಿಂದೆ ಬಿದ್ದಷ್ಟು ಗಿರಾಕಿಗಳ ಹಿಂದೆ ಬೀಳಲಿಲ್ಲ. ಇದರ ಫಲ ಮುಂದೆ ಬರುತ್ತದೆ.

ತಯಾರಿ

ಸಭಾಂಗಣದ ನಕ್ಷೆ ಬರೆದು ಮೊದಲು 34 ಮೇಜು ಕೂರಿಸಿದ್ದೆವು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಸಂಚಾಲಕಿ ನೆಲಕ್ಕೆ ಟೇಪು ಅಂಟಿಸಿ, ನಮ್ಮನ್ನೇ ಎರಡು ಬದಿಗೆ ನಿಲ್ಲಿಸಿ, ನಡುವೆ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಸಿಕ್ಕಿಹಾಕಿಕೊಂಡಿತು. ಜನ ನಡೆಯುತ್ತಾರೆ ಎಂದು ನಾವು ಲೆಕ್ಕ ಹಾಕಿದ್ದೆವು. ಮೇಳದಲ್ಲಿ ಜನ ನಿಲ್ಲುತ್ತಾರೆ, ಬಗ್ಗುತ್ತಾರೆ, ಚೀಲ ಕೆಳಗಿಡುತ್ತಾರೆ. 6 ಅಡಿಯ ಮೇಜು, ಅದರ ಹಿಂದೆ ಕುರ್ಚಿಗೂ ಪೆಟ್ಟಿಗೆಗಳಿಗೂ 3 ಅಡಿ, ಮುಂದೆ 8 ಅಡಿಯ ದಾರಿ ಎಂದು ಹೊಸದಾಗಿ ಅಳೆದಾಗ 26 ಮೇಜು ಹಿಡಿಸಿದವು. ಎರಡನ್ನು ನಾವಿಟ್ಟುಕೊಂಡೆವು, 24 ಬಾಡಿಗೆಗೆ. ಸಭಾಂಗಣ, ಮೇಜುಗಳು, ದೀಪ, ಅಚ್ಚು, ಕಸ ಗುಡಿಸುವುದು ಸೇರಿ ಖರ್ಚು 12 ಪಾಲು. ಅಂದರೆ ಮೊದಲ 12 ಮೇಜು ಖರ್ಚಿಗೆ, 13ನೇ ಮೇಜಿನಿಂದ ಓದುಮನೆಗೆ. ಈ ಒಂದು ವಾಕ್ಯವನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ ಮೇಲೆ ಹೊಸ ಹೊಸ ಖರ್ಚಿನ ಸಲಹೆಗಳು ತಾವಾಗಿಯೇ ಕಡಿಮೆಯಾದವು.

ಅರ್ಜಿ ಬಂದದ್ದು 41. ಅದರಲ್ಲಿ 17 ಆಭರಣದವು! ಕಿವಿಯೋಲೆ, ಮಣಿಸರ, ಮತ್ತೆ ಕಿವಿಯೋಲೆ. ಬಂದ ಕ್ರಮದಲ್ಲೇ ಜಾಗ ಕೊಟ್ಟಿದ್ದರೆ ಅದು ಆಭರಣದ ಸಂತೆಯಾಗುತ್ತಿತ್ತು, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ತಿನ್ನುತ್ತಿದ್ದರು. ಒಂದು ಬಗೆಗೆ 5 ಮೇಜು ಮಾತ್ರ ಎಂದು ಮಿತಿ ಹಾಕಿದೆವು. ಆಯ್ಕೆಗೆ ನಾನು ಹೆಸರು ಮುಚ್ಚಿ, ಅರ್ಜಿಗೆ ಸಂಖ್ಯೆ ಕೊಟ್ಟು, ಫೋಟೋ ಮಾತ್ರ ಮುಂದಿಟ್ಟೆ. ಫಲಿತಾಂಶ ಬಿಚ್ಚಿದಾಗ ಸಮಿತಿಯವರೊಬ್ಬರ ನಾದಿನಿಯ ಅರ್ಜಿ ಹೊರಗೆ ಉಳಿದಿತ್ತು. ಮಾತು ಬೆಳೆಯಿತು. ‘ನಮ್ಮವರಿಗೇ ಜಾಗ ಇಲ್ಲ ಅಂದ್ರೆ ನಾವ್ಯಾಕೆ ದುಡೀಬೇಕು?’ ಎಂಬಲ್ಲಿಗೆ ಬಂತು. ಒಂದು ಮೇಜು ಸೇರಿಸಿದರೆ ಮುಗಿಯಿತಲ್ಲ ಎಂದು ನನಗೂ ಅನಿಸಿತ್ತು. ಸಂಚಾಲಕಿ ಒಪ್ಪಲಿಲ್ಲ. ನಾದಿನಿಯವರ ಹೆಸರು ಕಾಯುವ ಪಟ್ಟಿಯಲ್ಲಿ ಎರಡನೆಯದಾಗಿ ಹೋಯಿತು, ಆ ಸದಸ್ಯರು ಆಯ್ಕೆಯ ಕೆಲಸದಿಂದ ಹಿಂದೆ ಸರಿದರು. ಮೇಳದ ದಿನ ಮೇಜು ಹೊರಲು ಬಂದರು ಎನ್ನುವುದನ್ನೂ ಹೇಳಬೇಕು. ಐದು ದಿನ ಮುಂಚೆ ಒಬ್ಬರು ಬರುವುದಿಲ್ಲ ಎಂದಾಗ ಕಾಯುವ ಪಟ್ಟಿ ಕೆಲಸಕ್ಕೆ ಬಂತು. ಬದಲಿ ಸಿಕ್ಕರೆ ಹಣ ವಾಪಸ್, ಸಿಗದಿದ್ದರೆ ಇಲ್ಲ ಎಂದು ಅರ್ಜಿಯಲ್ಲೇ ಬರೆದಿದ್ದರಿಂದ ಚೌಕಾಸಿಯೂ ಆಗಲಿಲ್ಲ. ಮೇಜು ಸಿಕ್ಕಿದ್ದು ಪಟ್ಟಿಯ ಮೊದಲನೆಯವರಿಗೆ.

ಲಕ್ಕಿ ಡಿಪ್ ಮಾಡೋಣ ಎಂಬ ಉತ್ಸಾಹವೂ ಇತ್ತು. ಚೀಟಿ ಮಾರಿ ಅದೃಷ್ಟದ ಮೇಲೆ ಬಹುಮಾನ ಕೊಡುವುದನ್ನು ಎಷ್ಟೋ ಕಡೆ ಕಾನೂನು ಲಾಟರಿ ಎಂದೇ ನೋಡುತ್ತದೆ, ಅನುಮತಿ ಬೇಕಾಗುತ್ತದೆ. ಆ ಓಡಾಟಕ್ಕೆ ನಮಗೆ ಸಮಯವಿರಲಿಲ್ಲ. ಬದಲಿಗೆ ಮೌನ ಹರಾಜು ಇಟ್ಟೆವು. ಇಷ್ಟವಿದ್ದ ತಯಾರಕರು ಒಂದೊಂದು ವಸ್ತು ಕೊಟ್ಟರು, ಒಟ್ಟು 19 ಬಂದವು. ಪ್ರತಿ ವಸ್ತುವಿನ ಮುಂದೆ ಒಂದು ಹಾಳೆ, ಅದರ ಮೇಲೆ ಮಾಮೂಲಿ ಬೆಲೆಯ ಮೂರನೇ ಒಂದರಷ್ಟು ಆರಂಭದ ಮೊತ್ತ. ಬೇಕಾದವರು ತಮಗೆ ಕೊಟ್ಟ ಸಂಖ್ಯೆಯನ್ನೂ, ಮೊದಲು ಬರೆದವರಿಗಿಂತ ಹೆಚ್ಚಾಗಿ ತಾವು ಕೊಡುವ ಮೊತ್ತವನ್ನೂ ಹಾಳೆಯಲ್ಲಿ ಬರೆಯಬೇಕು. ಗಂಟೆ ಬಾರಿಸಿದಾಗ ಕೊನೆಯ ಸಾಲಿನಲ್ಲಿದ್ದವರಿಗೆ ವಸ್ತು.

ಆ ಸಾಲು

ಪೋಸ್ಟರಿಗೆ ಒಂದು ಸಾಲು ಬೇಕಿತ್ತು. ‘ನೀವು ಕೊಳ್ಳುವ ಪ್ರತಿ ವಸ್ತು, ಓದುಮನೆಗೆ ಒಂದು ಹೆಂಚು’ ಎಂದು ಒಬ್ಬರು ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ. 200 ಪ್ರತಿ ಅಚ್ಚಾಯಿತು, ಚಿತ್ರ ಫೋನಿಂದ ಫೋನಿಗೆ ಹೋಯಿತು.

ಮೇಳಕ್ಕೆ ಹತ್ತು ದಿನವಿರುವಾಗ ನೇಯ್ಗೆಯವರೊಬ್ಬರು ಫೋನ್ ಮಾಡಿದರು. ‘ಸಾರ್, ನಾನು ಮಾರೋ ಶಾಲಿನ ದುಡ್ಡು ನನ್ನದು ತಾನೆ? ಹಾಗಿದ್ರೆ ಇದ್ಯಾವ ಹೆಂಚು?’

ನನ್ನ ಬಳಿ ಉತ್ತರವಿರಲಿಲ್ಲ. ಸಾಲು ಚೆನ್ನಾಗಿತ್ತು, ಸುಳ್ಳಾಗಿತ್ತು. ಸಮಿತಿಯ ಮುಂದಿಟ್ಟಾಗ ‘ಭಾವಾರ್ಥ ನೋಡ್ರೀ’ ಎಂದರು ಇಬ್ಬರು. ಮೇಜಿನ ಬಾಡಿಗೆ ಮಾರಾಟದಿಂದಲೇ ತಾನೆ ಹುಟ್ಟುವುದು, ಸುತ್ತಿ ಬಳಸಿ ನಿಜವೇ ಎಂಬುದು ಅವರ ವಾದ. ಮತ್ತೆ ಅಚ್ಚು ಹಾಕಿಸುವುದೆಂದರೆ ಇನ್ನೊಂದು ಮೇಜಿನ ಬಾಡಿಗೆ ಕೈಬಿಟ್ಟಂತೆ. ನಡುದಾರಿ ಹಿಡಿದೆವು: ಹಂಚದೆ ಉಳಿದಿದ್ದ ಪೋಸ್ಟರುಗಳ ಮೇಲೆ ‘ಮೇಜಿನ ಬಾಡಿಗೆ ಓದುಮನೆಗೆ’ ಎಂಬ ಪಟ್ಟಿ ಅಂಟಿಸಿದೆವು. ಫೋನಿನಲ್ಲಿ ಹರಿದಾಡಿದ ಚಿತ್ರಕ್ಕೆ ಯಾವ ಪಟ್ಟಿ ಅಂಟಿಸುವುದು? ಈಗ ಯೋಚಿಸಿದರೆ ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಅತಿ ಕೆಟ್ಟ ನಿರ್ಧಾರ ಅದೇ. ಬರೆದಾಗ ನಮಗೆ ಹೊಳೆದಿರಲಿಲ್ಲ, ಅದನ್ನು ಮನ್ನಿಸಬಹುದು. ಹೇಳಿದ ಮೇಲೂ ಅರ್ಧ ತಿದ್ದಿ ಸುಮ್ಮನಾದೆವು.

ಮೇಳದ ದಿನ

ಸಾಮಾನು ಇಳಿಸುವುದು ಸುಸೂತ್ರ. ಮಡಕೆ, ಮರದಂಥ ಭಾರದ ಸಾಮಾನಿನವರು ಮೊದಲು, ಆಮೇಲೆ ಉಳಿದವರು, ಇಳಿಸಿ ಗಾಡಿ ಆಚೆ ನಿಲ್ಲಿಸಿದ ನಂತರವೇ ಮೇಜು ಜೋಡಿಸಬೇಕು ಎಂದು ವೇಳೆ ಹಾಕಿ ಕೊಟ್ಟಿದ್ದೆವು. ಗಾಡಿ ಬಾಗಿಲಲ್ಲಿ ಬಿಟ್ಟು ಶಾಂತವಾಗಿ ಮೇಜು ಸಿಂಗರಿಸುವವರಿಂದಲೇ ಇಂಥ ಬೆಳಗುಗಳು ಹಾಳಾಗುತ್ತವೆ ಎಂದು ಸಂಚಾಲಕಿ ಮೊದಲೇ ಎಚ್ಚರಿಸಿದ್ದರು.

ಮೊದಲ ಗಂಟೆಯಲ್ಲೇ ಒಂದು ಪೇಚು. ಚೀಲಗಳ ಮೇಜಿನಲ್ಲಿ ಕಾರ್ಖಾನೆಯ ಚೀಟಿ ಇನ್ನೂ ಅಂಟಿಕೊಂಡಿದ್ದ ಸರಕು ಕಂಡಿತು, ಪಕ್ಕದ ಮೇಜಿನವರು ಕುದಿಯುತ್ತಿದ್ದರು. ಸಂಚಾಲಕಿ ಚೀಲದವರನ್ನು ಹೊರಗೆ ಕರೆದು ಮಾತಾಡಿಸಿದರು. ‘ಮೇಡಂ, ಜಿಪ್ ಹೊಲಿದಿದ್ದು ನಾನೇ, ಕಸೂತಿಯೂ ನಂದೇ’ ಎಂದರು ಆಕೆ. ಕೆಲವು ಚೀಲಗಳ ಮಟ್ಟಿಗೆ ಅದು ನಿಜವೂ ಆಗಿತ್ತು. ನಮ್ಮ ಅರ್ಜಿಯಲ್ಲಿ ‘ಕೈಯಿಂದ ಮಾಡಿದ ವಸ್ತು’ ಎಂದಷ್ಟೇ ಇತ್ತು. ಕೊಂಡ ಮಣಿಯನ್ನು ಪೋಣಿಸಿದರೆ ಅದು ಕೈಕೆಲಸ, ಕೊಂಡ ಚೀಲಕ್ಕೆ ಹೂ ಹೊಲಿದರೆ ಅಲ್ಲ ಎನ್ನಲು ನಮ್ಮಲ್ಲಿ ಬರೆದ ನಿಯಮವಿರಲಿಲ್ಲ. ಸೂಜಿಯೇ ತಾಗದ ಚೀಲಗಳನ್ನು ಒಳಗಿಡಿಸಿ, ಉಳಿದವನ್ನು ಬಿಟ್ಟೆವು. ಯಾರಿಗೂ ಪೂರ್ತಿ ಸಮಾಧಾನವಾಗಲಿಲ್ಲ.

ದೊಡ್ಡ ತಲೆನೋವು ಹಿಂದಿನ ಸಾಲು. ಆರು ಮೇಜುಗಳ ಆ ಸಾಲು ಮುಚ್ಚಿದ ಬಾಗಿಲೊಂದರ ಎದುರಿಗಿತ್ತು. ಹರಾಜಿನ ಮೇಜನ್ನು ‘ಎಲ್ಲರ ಕಣ್ಣಿಗೆ ಬೀಳಲಿ’ ಎಂದು ಮುಂಬಾಗಿಲಲ್ಲೇ ಇಟ್ಟಿದ್ದೆವು. ಕಣ್ಣಿಗೆ ಬಿತ್ತು. ಜನ ಅಲ್ಲೇ ಗುಂಪುಗಟ್ಟಿ, ಹಾಳೆಯಲ್ಲಿ ಬರೆದು, ಮುಂದಿನ ಎರಡು ಸಾಲು ಸುತ್ತಿ, ಬಂದ ಬಾಗಿಲಲ್ಲೇ ಹೊರಟರು. ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದರು. ಮೇಣದ ಬತ್ತಿಯವರೊಬ್ಬರು ಪುಸ್ತಕ ತೆಗೆದು ಓದತೊಡಗಿದ್ದನ್ನು ನೋಡಿ ನನಗೆ ಮುಜುಗರವಾಯಿತು. ಅವರೂ 1 ಪಾಲು ಕೊಟ್ಟವರೇ. ಮಧ್ಯಾಹ್ನ 1 ಗಂಟೆಗೆ ಸಂಚಾಲಕಿ ಹರಾಜಿನ ಮೇಜನ್ನು ಎತ್ತಿಸಿ ಹಿಂದಿನ ಮೂಲೆಗೆ ಹಾಕಿಸಿದರು, ಸಭಾಂಗಣದವರನ್ನು ಒಪ್ಪಿಸಿ ಹಿಂಬಾಗಿಲನ್ನೂ ತೆರೆಸಿದರು. ಮೇಳ ನಡೆಯುತ್ತಿರುವಾಗ ಮೇಜು ಎತ್ತಬೇಡಿ, ಗೊಂದಲವಾಗುತ್ತದೆ ಎಂದು ನಾನು ವಾದಿಸಿದ್ದೆ. ಅರ್ಧ ಗಂಟೆಯಲ್ಲಿ ನನ್ನ ವಾದ ಸುಳ್ಳಾಯಿತು. ಹರಾಜಿಗೆ ಹೋಗುವವರು ಎಲ್ಲ ಸಾಲುಗಳನ್ನೂ ದಾಟಲೇಬೇಕಾಯಿತು.

ಇತ್ತ ಪೋಸ್ಟರಿನ ಸಾಲು ತನ್ನ ಕೆಲಸ ಮಾಡುತ್ತಿತ್ತು. ಆಟಿಕೆಯವರಿಗೆ ಒಬ್ಬರು ಚಿಲ್ಲರೆ ವಾಪಸ್ ಬೇಡ, ‘ಓದುಮನೆಗೆ ಇರಲಿ’ ಎಂದು ಹೋದರು. ಆಟಿಕೆಯವರು ಆ ಚಿಲ್ಲರೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಬಳಿ ಬಂದರು, ‘ಇದನ್ನ ಯಾರಿಗೆ ಕೊಡ್ಲಿ?’ ಇನ್ನೊಬ್ಬರು ಕುಂಬಾರಿಕೆಯವರ ಜೊತೆ ಚೌಕಾಸಿಗಿಳಿದು, ‘ಒಳ್ಳೇ ಕೆಲಸಕ್ಕೆ ಅಂತೀರಿ, ಇದರಲ್ಲೂ ಲಾಭ ನೋಡ್ತೀರಾ?’ ಎಂದುಬಿಟ್ಟರು. ಇವೆರಡೂ ಕಣ್ಣಿಗೆ ಕಂಡವು. ಕಾಣದೇ ನಡೆಯುತ್ತಿದ್ದದ್ದು ದೇಣಿಗೆ ಪೆಟ್ಟಿಗೆಯಲ್ಲಿ. 2 ಗಂಟೆಗೆ ಖಜಾಂಚಿ ಅದನ್ನು ಅಲ್ಲಾಡಿಸಿ ನೋಡಿದರು. ಎಣಿಸಿದಾಗ ಅಷ್ಟು ಹೊತ್ತಿಗೆ ಬಿದ್ದಿದ್ದು ಅರ್ಧ ಪಾಲಿಗೂ ಕಡಿಮೆ. ಕೈತುಂಬ ಚೀಲ ಹಿಡಿದು ಹೋಗುವವರು ಪೆಟ್ಟಿಗೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಯಾಕೆ ನೋಡಬೇಕು? ಅವರ ಲೆಕ್ಕದಲ್ಲಿ ಅವರು ಆಗಲೇ ಹೆಂಚು ಕೊಟ್ಟಾಗಿತ್ತು.

ಖಜಾಂಚಿ ಮೃದು ಮಾತಿನವರಲ್ಲ. ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಮಾರ್ಕರಿನಲ್ಲಿ ದೊಡ್ಡದಾಗಿ ಬರೆದರು: ‘ಮೇಜಿನ ಮೇಲೆ ನೀವು ಕೊಟ್ಟ ಹಣ ವಸ್ತು ಮಾಡಿದವರದು. ಮೇಜಿನ ಬಾಡಿಗೆ, ಹರಾಜು, ಈ ಪೆಟ್ಟಿಗೆ ಓದುಮನೆಯದು. ಚಾವಣಿಗೆ ಇನ್ನೂ ಹಣ ಬೇಕು.’ ಪೆಟ್ಟಿಗೆಯನ್ನು ಒಳಬರುವ ಬಾಗಿಲಿಂದ ಎತ್ತಿ, ಈಗ ತೆರೆದಿದ್ದ ಹಿಂಬಾಗಿಲ ಪಕ್ಕ ರಟ್ಟಿನ ಜೊತೆ ಇಟ್ಟರು. ಅಕ್ಷರ ಸೊಟ್ಟಗಿತ್ತು, ಚಪ್ಪಾಳೆ ಬೀಳುವಂಥ ಸಾಲಲ್ಲ. ಮುಚ್ಚುವ ಹೊತ್ತಿಗೆ ಪೆಟ್ಟಿಗೆಯಲ್ಲಿ 3 ಪಾಲಿತ್ತು.

ಮೇಳ ಮುಗಿಯುವುದು 5ಕ್ಕೆ, ಹರಾಜಿನ ಗಂಟೆ 4.30ಕ್ಕೆ. ಬೇಕೆಂದೇ ಹಾಗೆ ಇಟ್ಟಿದ್ದು. ನಾಲ್ಕಾಗುತ್ತಿದ್ದಂತೆ ಒಬ್ಬರು ಸಾಮಾನು ಕಟ್ಟಲು ಶುರುಮಾಡಿದರೆ ಸಾಲಿಗೆ ಸಾಲೇ ಕಟ್ಟುತ್ತದೆ, ಮೇಳ ಸತ್ತಂತೆ. ಹರಾಜು ಬಾಕಿಯಿದ್ದದ್ದರಿಂದ ಜನ ಉಳಿದರು, ಜನ ಉಳಿದದ್ದರಿಂದ ಮೇಜುಗಳೂ ಉಳಿದವು. ಕೊನೆಯ ಹತ್ತು ನಿಮಿಷ ಹಾಳೆಗಳ ಮೇಲೆ ಪೆನ್ನಿಗಾಗಿ ಕಿತ್ತಾಟ.

ಲೆಕ್ಕ

ಮೇಜಿನ ಬಾಡಿಗೆ 24, ಹರಾಜು 11, ನಾವೇ ಇಟ್ಟುಕೊಂಡ ತಿಂಡಿ-ಪಾನೀಯದ ಮೇಜಿನ ಲಾಭ 4, ಪೆಟ್ಟಿಗೆ 3. ಒಟ್ಟು 42 ಪಾಲು. ಖರ್ಚು 12 ಕಳೆದು ಓದುಮನೆಗೆ 30. ಬೇಕಿದ್ದರಲ್ಲಿ ಸರಿಯಾಗಿ ಅರ್ಧ. ಪ್ರತಿ ಮೂಲದ ಹಣವನ್ನೂ ಬೇರೆ ಲಕೋಟೆಯಲ್ಲಿ ಇಬ್ಬರು ಕೂತು ಎಣಿಸಿ, ಇಬ್ಬರೂ ರುಜು ಹಾಕಿದರು. ಆದರೂ ತಿಂಡಿ ಮೇಜಿನಲ್ಲಿ ಅರ್ಧ ಪಾಲು ಜಾಸ್ತಿ ಬಂತು. ಎಲ್ಲರೂ ಹಿಗ್ಗಿದೆವು. ಬೆಳಿಗ್ಗೆ ಚಿಲ್ಲರೆಗೆಂದು ಖಜಾಂಚಿ ತಮ್ಮ ಜೇಬಿನಿಂದ ಹಾಕಿದ್ದು ಅದೇ ಅರ್ಧ ಪಾಲು, ಬರೆದಿಡಲು ಮರೆತಿದ್ದರು. ಲೆಕ್ಕದ ಬಗ್ಗೆ ನಮಗೆಲ್ಲ ಪಾಠ ಹೇಳುತ್ತಿದ್ದವರು ಅವರೇ.

ಹೊರಡುವಾಗ 24 ತಯಾರಕರಿಗೂ ಹೆಸರಿಲ್ಲದ ಚೀಟಿ ಕೊಟ್ಟಿದ್ದೆವು: ಯಾವ ಸಾಲು, ಎಷ್ಟು ಮಾರಾಟ, ಮತ್ತೆ ಬರುತ್ತೀರಾ. 21 ವಾಪಸ್ ಬಂದವು. ಅವರ ಮಾರಾಟ ಒಟ್ಟು 150 ಪಾಲು. ಮೇಳದಿಂದ ಮೇಳಕ್ಕೆ ಸುತ್ತುವವರು ಬಾಡಿಗೆಯ ಹತ್ತು ಪಟ್ಟು ಮಾರಿದರೆ ಒಳ್ಳೆಯ ದಿನ ಎನ್ನುತ್ತಾರೆ. ಇಲ್ಲಿ ಸರಾಸರಿ ಏಳು ಪಟ್ಟು. ಸರಾಸರಿಯನ್ನು ನಂಬಿ ಕೂರುವ ಹಾಗಿರಲಿಲ್ಲ. ಐದು ಮೇಜು ಸೇರಿ 75 ಪಾಲು ಮಾರಿದ್ದವು. ಏಳು ಮೇಜು ತಲಾ 3 ಪಾಲೂ ದಾಟಿರಲಿಲ್ಲ, ಆ ಏಳರಲ್ಲಿ ನಾಲ್ಕು ಹಿಂದಿನ ಸಾಲಿನವು. ಅಲ್ಲಿಂದ ಬಂದ ಒಂದು ಚೀಟಿಯಲ್ಲಿ ‘ಮಧ್ಯಾಹ್ನದ ನಂತರ ಪರವಾಗಿಲ್ಲ’ ಎಂದಿತ್ತು. ಹಲವು ಚೀಟಿಗಳಲ್ಲಿ ಹೊಗಳಿಕೆ ಸಿಕ್ಕಿದ್ದು ನಾವು ತಲೆಕೆಡಿಸಿಕೊಳ್ಳದ ಒಂದು ಏರ್ಪಾಟಿಗೆ: ಒಬ್ಬೊಬ್ಬರೇ ಬಂದವರ ಮೇಜನ್ನು ಹತ್ತು ನಿಮಿಷ ನೋಡಿಕೊಂಡು, ಅವರನ್ನು ಶೌಚಾಲಯಕ್ಕೋ ಊಟಕ್ಕೋ ಕಳಿಸಲು ಗಂಟೆಗೊಮ್ಮೆ ಸುತ್ತುತ್ತಿದ್ದ ಇಬ್ಬರು ಹುಡುಗರು. ಖರ್ಚು ಸೊನ್ನೆ.

150ರಲ್ಲಿ ಐದರಲ್ಲೊಂದು ಎಂದರೆ 30. ಮಾರಾಟದಲ್ಲಿ ಪಾಲು ಕೇಳಿದ್ದರೆ ಬಾಡಿಗೆಗಿಂತ 6 ಪಾಲು ಹೆಚ್ಚು ಬರುತ್ತಿತ್ತಲ್ಲ ಎಂದು ಸಮಿತಿಯಲ್ಲಿ ಮತ್ತೆ ಗುಸುಗುಸು. ನನಗೆ ಈ ಲೆಕ್ಕ ಅಷ್ಟು ಸಲೀಸು ಅನಿಸುವುದಿಲ್ಲ. ಹೆಸರಿಲ್ಲದ ಚೀಟಿಯಲ್ಲಿ ನಿಜ ಬರೆದವರು, ಬರೆದಷ್ಟಕ್ಕೂ ಹಣ ಕಟ್ಟಬೇಕೆಂದಿದ್ದರೆ ಅಷ್ಟೇ ಬರೆಯುತ್ತಿದ್ದರೇ? ಆದರೆ ಆ ಏಳು ಮೇಜಿನವರಿಂದ, ಅಷ್ಟು ಚೆನ್ನಾಗಿ ಮಾರಿದ ಐವರಿಂದ ಪಡೆದಷ್ಟೇ ಬಾಡಿಗೆ ಪಡೆದದ್ದು ಸರಿಯೇ ಎಂಬ ಪ್ರಶ್ನೆಗೂ ಬಾಡಿಗೆಯ ಪರ ವಾದಿಸಿದ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಸಲಕ್ಕೆ ಅರ್ಧ ಪಾಲು ಬಾಡಿಗೆ ಮುಂಗಡ, ಮೇಲೆ ಮಾರಾಟದ ಹತ್ತರಲ್ಲೊಂದನ್ನು ಅವರವರೇ ಲೆಕ್ಕ ಹಾಕಿ ಮುಚ್ಚಿದ ಲಕೋಟೆಯಲ್ಲಿ ಕೊಡುವುದು ಎಂದು ತೀರ್ಮಾನವಾಗಿದೆ. ಇದೇ ಅಂಕಿಗಳ ಮೇಲೆ ಅದು 12 ಮತ್ತು 15, ಒಟ್ಟು 27 ಆಗುತ್ತದೆ. ಲಕೋಟೆಯಲ್ಲಿ ಎಷ್ಟಿದೆ ಎಂದು ಯಾರೂ ಪ್ರಶ್ನಿಸುವ ಹಾಗಿಲ್ಲ ಎಂದು ಸಂಚಾಲಕಿ ಷರತ್ತು ಹಾಕಿದ್ದಾರೆ. ಕುಂಬಾರಿಕೆಯವರ ಅಂದಿನ ಪ್ರಶ್ನೆಗೆ ಇದು ನಮ್ಮ ಉತ್ತರ: ನಂಬುತ್ತೇವೆ, ನಂಬಿ ಕಳೆದುಕೊಳ್ಳಲು ಸಿದ್ಧವಿರುವಷ್ಟನ್ನು ಮಾತ್ರ ನಂಬಿಕೆಯ ಮೇಲೆ ಬಿಡುತ್ತೇವೆ.

ಅರ್ಜಿಯೂ ಉದ್ದವಾಗಿದೆ. ಯಾವ ಭಾಗ ಕೊಂಡದ್ದು, ಯಾವುದು ಕೈಯಿಂದ ಮಾಡಿದ್ದು ಎಂದು ತಯಾರಕರೇ ಬರೆಯಬೇಕು. ಕೊಂಡ ವಸ್ತುವನ್ನು ಹಾಗೇ ಇಡುವಂತಿಲ್ಲ. ಹರಾಜಿನ ಮೇಜು ನಕ್ಷೆಯಲ್ಲೇ ಹಿಂದಿನ ಮೂಲೆಯಲ್ಲಿದೆ.

30 ಪಾಲಿನಲ್ಲಿ ಸೋರುವ ಬದಿಯನ್ನಷ್ಟೇ ಮಾಡಿಸಿದೆವು, ಮಕ್ಕಳ ಪುಸ್ತಕಗಳು ಕಪಾಟಿಗೆ ಮರಳಿದವು. ಇನ್ನೊಂದು ಬದಿಗಾಗಿ ಮತ್ತೆ ಮೇಳ. ಪೋಸ್ಟರಿನ ಸಾಲನ್ನು ಈ ಸಲ ನೇಯ್ಗೆಯವರಿಂದಲೇ ಬರೆಸಿದೆವು. ಅವರು ಕಳಿಸಿದ್ದು ಹೀಗಿತ್ತು: ‘ಬನ್ನಿ, ನಮ್ಮ ಕೈಕೆಲಸ ಕೊಳ್ಳಿ, ಆ ಹಣ ನಮ್ಮದು. ಓದುಮನೆಯ ಪಾಲನ್ನು ನಾವು ಕೊಡುತ್ತೇವೆ. ಪೆಟ್ಟಿಗೆ ಹಿಂಬಾಗಿಲಲ್ಲಿದೆ, ಅದು ನಿಮ್ಮದು.’ ಉದ್ದವಾಯಿತು, ಪ್ರಾಸವಿಲ್ಲ ಎಂದು ಇಬ್ಬರು ಗೊಣಗಿದರು. ಅಚ್ಚಿಗೆ ಹೋದದ್ದು ಅದೇ.